ಚಿಕ್ಕಮ್ಮ ನೋಡಿಕೊಳ್ಳುತ್ತಾಳೆ

ಮಾರ್ಚ್ 3, ಸೋಮವಾರ

ಅತ್ತೆ ಇವತ್ತು ಬೆಳಿಗ್ಗೆ ಹೊರಟುಹೋದರು. ಐದು ವಾರ ಇದ್ದು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಮಗೆ ಬೇಕಾದ ಜಾಗಕ್ಕೆ ವರ್ಗ ಮಾಡಿ, ಬಾಗಿಲಲ್ಲಿ ನಿಂತು ಕಾಲು ಗಂಟೆ ಪಾಠ ಹೇಳಿ ಹೋದರು. "ಕತ್ತು ಹಿಡ್ಕೊಂಡೇ ಎತ್ತು. ಸ್ನಾನದ ನೀರು ಮೊಣಕೈಗೆ ಬಿಟ್ಕೊಂಡು ನೋಡು. ಸುಮ್‌ಸುಮ್ನೆ ಅಳಿಸ್ಬೇಡ." ಎಲ್ಲದಕ್ಕೂ ಗೋಣು ಆಡಿಸಿದೆ. ಸುಮ್ಮಸುಮ್ಮನೆ ಅಳಿಸಲು ನನಗೇನು ಬೇರೆ ಕೆಲಸವಿಲ್ಲವೇ?

ಗಂಡ ಲಿಫ್ಟ್ ರಿಪೇರಿ ಮಾಡುವವರು. ಎಂಟಕ್ಕೆ ಹೋದರೆ ಎಂಟಕ್ಕೇ ಬರುವುದು. ಯಾರಾದರೂ ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ಸಿಕ್ಕಿಕೊಂಡರೆ ಇನ್ನೂ ತಡ. ಹಾಗಾಗಿ ಇಂದಿನಿಂದ ಮನೆಯಲ್ಲಿ ನಾನು ಮತ್ತು ಕಾಳು. ಕಾಳು ಎಂದರೆ ಮಗಳು. ಹುಟ್ಟಿದ ದಿನ ಅವಳನ್ನು ಕೈಗೆ ಕೊಟ್ಟಾಗ ಇವರು "ಇದೇನ್ರೀ, ಕಾಳಿನಷ್ಟಿದೆ!" ಎಂದು ನರ್ಸನ್ನೇ ದಬಾಯಿಸಿದ್ದರು. ಹೆಸರು ಅದೇ ನಿಂತಿತು.

ಈ ಡೈರಿ ನಮ್ಮ ಲ್ಯಾಬಿನ ಯಜಮಾನರು ಹೊಸ ವರ್ಷಕ್ಕೆ ಕೊಟ್ಟದ್ದು. ಒಂಬತ್ತು ವರ್ಷದಿಂದ ಅಲ್ಲಿ ಕಟ್ಟುಹಲ್ಲು ಮಾಡುತ್ತಿದ್ದೇನೆ. ಪುಟದ ಮೂಲೆಮೂಲೆಯಲ್ಲೂ ಒಂದು ದವಡೆ ನಗುತ್ತಿದೆ. ಬರೆಯಲು ಕಾರಣ ಒಂದೇ. ಈ ಮಗುವಿನ ಮೇಲೆ ನನಗೆ ಏನೂ ಅನ್ನಿಸುತ್ತಿಲ್ಲ. ಹಾಲು ಕೊಡುತ್ತೇನೆ, ಒರೆಸುತ್ತೇನೆ, ಮಲಗಿಸುತ್ತೇನೆ. ಬೇರೆಯವರ ಬಾಯಿಯ ಅಚ್ಚನ್ನು ಹುಷಾರಾಗಿ ಹಿಡಿಯುವಷ್ಟೇ ಹುಷಾರಾಗಿ ಹಿಡಿಯುತ್ತೇನೆ. ಇದನ್ನು ಯಾರ ಮುಂದೆ ಹೇಳಲಿ?

ಮಾರ್ಚ್ 4, ಮಂಗಳವಾರ

ಅಮ್ಮನ ಫೋನು. "ನಾನು ಬಂದು ಒಂದು ತಿಂಗಳು ಇರ್ಲಾ?" ಬೇಡ ಎಂದೆ. ಅವಳೂ ಒತ್ತಾಯ ಮಾಡಲಿಲ್ಲ. ನಮ್ಮಿಬ್ಬರ ನಡುವೆ ಮಾತು ಮೊದಲಿನಿಂದಲೂ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ತಮ್ಮ ಹುಟ್ಟಿದಾಗ ನನಗೆ ನಾಲ್ಕು ವರ್ಷ. ಅಪ್ಪನಿಗೆ ಸದಾ ತಿರುಗಾಟದ ಕೆಲಸ. ಅಮ್ಮ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ, ಸೆರಗು ಎಳೆದರೂ ಇಲ್ಲ. ತಮ್ಮನನ್ನು ಅಜ್ಜಿ ಎತ್ತಿಕೊಂಡು ಹೋದರು, ನಾನು ಉಳಿದೆ. ಕೆಲವು ದಿನ ಅಮ್ಮ ಹೊರಗಿನಿಂದ ಬೀಗ ಹಾಕಿ ಹೊರಟುಹೋಗುತ್ತಿದ್ದಳು. ಹೋಗುವಾಗ ಹೇಳುತ್ತಿದ್ದದ್ದು ಒಂದೇ ಮಾತು: "ಚಿಕ್ಕಮ್ಮ ಇದ್ದಾಳೆ. ನೋಡ್ಕೋತಾಳೆ."

ಚಿಕ್ಕಮ್ಮ ನಿಜಕ್ಕೂ ಇದ್ದಳು. ನನ್ನ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದವಳು ಅವಳೇ. ಮೂಗಿನಲ್ಲೇ ಏನೋ ಗುನುಗುತ್ತಾ ಸ್ನಾನ ಮಾಡಿಸುತ್ತಿದ್ದಳು. ಕೆಲವು ಸಲ ಇಡೀ ದಿನ ಒಳಕೋಣೆಯಿಂದ ಹೊರಗೇ ಬರುತ್ತಿರಲಿಲ್ಲ, ಆದರೂ ಅವಳು ಅಲ್ಲಿದ್ದಾಳೆ ಎಂಬ ಧೈರ್ಯದಲ್ಲಿ ನಾನು ಬಾಗಿಲ ಬಳಿ ಕೂತು ಆಡಿಕೊಳ್ಳುತ್ತಿದ್ದೆ. ಆಮೇಲೆ ಒಂದು ದಿನ ಅವಳು ಹೋದಳು. ಎಲ್ಲಿಗೆ ಎಂದು ಕೇಳಿದರೆ ಅಮ್ಮ ಮಾತು ತಿರುಗಿಸುತ್ತಿದ್ದಳು. ಮುಖ ನನಗೆ ಈಗ ನೆನಪಿಲ್ಲ.

ಒಂದೇ ಭಯ ನನಗೆ. ನಾನು ಅಮ್ಮನ ಹಾಗೆ ಆಗಬಾರದು.

ಮಾರ್ಚ್ 6, ಗುರುವಾರ

ಒಂದು ವಿಚಿತ್ರ. ಹತ್ತೂವರೆಗೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ್ದು ನೆನಪಿದೆ. ತೆರೆದಾಗ ಹನ್ನೆರಡು. ಕಾಳು ಅತ್ತು ಅತ್ತು ಸುಸ್ತಾಗಿರುತ್ತಾಳೆ ಎಂದುಕೊಂಡೆ. ಓಡಿಹೋಗಿ ನೋಡಿದರೆ ಸ್ನಾನವಾಗಿ, ಬೇರೆ ಅಂಗಿ ಹಾಕಿಕೊಂಡು, ಮುಷ್ಟಿ ಬಾಯಿಗಿಟ್ಟುಕೊಂಡು ಮಲಗಿದ್ದಾಳೆ. ಟಬ್ಬಿನಲ್ಲಿ ನೀರು ಇನ್ನೂ ಬೆಚ್ಚಗಿತ್ತು. ಅಂಗಿಯ ಗುಂಡಿಗಳನ್ನು ಒಂದೂ ಬಿಡದೆ ಹಾಕಲಾಗಿತ್ತು. ನಾನು ಯಾವತ್ತೂ ಮೇಲಿನದನ್ನು ಬಿಡುತ್ತೇನೆ.

ನನ್ನ ನೈಟಿಯ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಮೇಜಿನ ಮೇಲೆ ನೀರು ಚೆಲ್ಲಿತ್ತೋ ಏನೋ.

ಮಾರ್ಚ್ 9, ಭಾನುವಾರ

ಮತ್ತೆ ಎರಡು ಸಲ ಆಯಿತು. ಅತ್ತೆಯದೇ ಕೆಲಸ, ಅವರ ಹತ್ತಿರ ಇನ್ನೊಂದು ಬೀಗದ ಕೈ ಇದೆ ಎಂದು ಇವರ ಮೇಲೆ ಹಾರಾಡಿದೆ. "ಅವರು ಮುನ್ನೂರು ಕಿಲೋಮೀಟರ್ ದೂರದಲ್ಲಿ ನನ್ನ ತಂಗಿ ಜತೆ ಜಗಳ ಆಡ್ಕೊಂಡು ಆರಾಮಾಗಿದ್ದಾರೆ ಕಣೆ" ಎಂದರು. ಆದರೂ ನನ್ನ ಸಮಾಧಾನಕ್ಕೆ ಬೀಗವನ್ನೇ ಬದಲಾಯಿಸಿದರು. ಲಿಫ್ಟಿನ ಬಾಗಿಲಿಗೆ ಹಾಕುವಂಥ ಗಟ್ಟಿ ಬೀಗ. ಈಗ ಕೈ ಎರಡೇ, ಒಂದು ಇವರ ಜೇಬಿನಲ್ಲಿ, ಒಂದು ನನ್ನ ಕೊರಳಲ್ಲಿ.

"ಮಗು ಇಷ್ಟು ಚೊಕ್ಕಟವಾಗಿದೆ, ನೀನೇ ನಿಭಾಯಿಸ್ತಿದ್ದೀಯ, ಮತ್ತೆ ಅದಕ್ಕೇ ಯಾಕೆ ಕೋಪ?" ಎಂದು ಕೆನ್ನೆ ತಟ್ಟಿದರು.

ಮಾರ್ಚ್ 12, ಬುಧವಾರ

ಬೀಗ ಹಾಕಿದಂತೆಯೇ ಇತ್ತು. ಕಾಳುವಿಗೆ ಸ್ನಾನ ಆಗಿತ್ತು.

ಸಂಜೆ ಮೆಟ್ಟಿಲ ಮೇಲೆ ಕೆಳಮನೆಯ ಟೈಲರಮ್ಮ ಸಿಕ್ಕರು. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಹೆಂಗಸು. "ಬೆಳಿಗ್ಗೆ ಹೊತ್ತು ಎಷ್ಟು ಚೆನ್ನಾಗಿ ಗುನುಗ್ತೀರಿ! ನನ್ನ ಮಷೀನು ನಿಲ್ಲಿಸ್ಕೊಂಡು ಕೇಳ್ತೀನಿ."

"ನನಗೆ ಹಾಡು ಬರಲ್ಲ" ಎಂದೆ.

"ಅಯ್ಯೋ, ನಾಚ್ಕೆ ಯಾಕೆ! ಮೂಗಲ್ಲೇ ಹಾಡಿದ್ರೂ ಇಂಪಾಗಿದೆ."

ಮೇಲಕ್ಕೆ ಬಂದು ಬಾಗಿಲ ಚಿಲಕ ಹಾಕಿದೆ. ಮೂಗಿನಲ್ಲಿ ಗುನುಗುವವರಲ್ಲಿ ನನಗೆ ಗೊತ್ತಿರುವವಳು ಒಬ್ಬಳೇ.

ಮಾರ್ಚ್ 13, ಗುರುವಾರ

ಮನೆಮನೆಗೆ ಬರುವ ನರ್ಸಕ್ಕ ಬಂದಿದ್ದರು. ಕಾಳುವನ್ನು ತೂಗಿ, ಬೆನ್ನು ಸವರಿ, ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಹತ್ತು ಪ್ರಶ್ನೆ. ಮೊದಲಿನಂತೆ ನಗು ಬರುತ್ತದೆಯೇ, ಕಾರಣವಿಲ್ಲದೆ ಹೆದರಿಕೆಯಾಗುತ್ತದೆಯೇ, ಹೀಗೆ. ಲ್ಯಾಬಿನಲ್ಲಿ ಕೆಲಸದ ಚೀಟಿ ತುಂಬುವಂತೆ ಸರಸರನೆ ಗುರುತು ಹಾಕಿದೆ. ಎಲ್ಲ ಸರಿ, ಎಲ್ಲ ಮೊದಲಿನಷ್ಟೇ, ಎಂದೂ ಇಲ್ಲ, ಎಂದೂ ಇಲ್ಲ.

"ನಿಮ್ಮ ತಾಯಿಗೆ ಹೆರಿಗೆ ಆದ್ಮೇಲೆ ಮನಸ್ಸಿಗೆ ಏನಾದ್ರೂ ತೊಂದರೆ ಆಗಿತ್ತಾ?" ಎಂದು ಕೇಳಿದರು.

"ಇಲ್ಲ" ಎಂದೆ. ಅಮ್ಮನ ಮರ್ಯಾದೆಯನ್ನು ನಾನೇಕೆ ಹಾಳೆಯ ಮೇಲೆ ಹರಾಜು ಹಾಕಲಿ?

ಹೋಗುವಾಗ ನರ್ಸಕ್ಕ ಬಾಗಿಲಲ್ಲಿ ತಿರುಗಿ ನೋಡಿದರು. ಕಾಳು ನನ್ನ ಹೆಗಲ ಮೇಲಿಂದ ನನ್ನ ಹಿಂದಿನ ಕೋಣೆಯ ಕಡೆಗೇ ಕಣ್ಣು ನೆಟ್ಟಿದ್ದಳು.

ಮಾರ್ಚ್ 18, ಮಂಗಳವಾರ

ಇವತ್ತು ಕಳ್ಳಿ ಸಿಕ್ಕಿಬಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸೇಬು, ಒಂದೇ ಒಂದು ಸಲ ಕಚ್ಚಿ ಇಟ್ಟದ್ದು. ನಾನು ಸೇಬು ಮುಟ್ಟಿಲ್ಲ. ಇವರು ಬೆಳಿಗ್ಗೆಯೇ ಹೋಗಿದ್ದಾರೆ. ಕಚ್ಚಿದ ಜಾಗ ಇನ್ನೂ ಬೆಳ್ಳಗಿತ್ತು.

ಪೊಲೀಸರಾದರೆ ಬೆರಳ ಗುರುತು ಹುಡುಕುತ್ತಾರೆ. ನಾನು ಹಲ್ಲಿನವಳು. ಹಳೆಯ ಚೀಲದಲ್ಲಿ ಲ್ಯಾಬಿನ ಪ್ಲಾಸ್ಟರು ಒಂದು ಹಿಡಿ ಉಳಿದಿತ್ತು. ತೆಳ್ಳಗೆ ಕಲಸಿ ಸೇಬಿನ ಗಾಯದೊಳಗೆ ಹೊಯ್ದೆ. ಅರ್ಧ ಗಂಟೆ ಬಿಟ್ಟು ಸೇಬನ್ನು ಬಿಡಿಸಿದೆ. ಕೈಯಲ್ಲಿ ಆರು ಹಲ್ಲಿನ ತುದಿಗಳು ಬಂದವು, ಮೇಲಿನ ಸಾಲು. ಎಡಗಡೆ, ಮುಂದಿನ ಹಲ್ಲಿನ ಪಕ್ಕದ್ದು, ಸ್ವಲ್ಪ ಒಳಕ್ಕೆ ತಿರುಗಿದೆ.

ಈ ಹಲ್ಲು ನನಗೆ ಗೊತ್ತು! ಹೋದ ವರ್ಷ ಅಮ್ಮನ ಹಲ್ಲಿಗೆ ಕ್ಯಾಪ್ ಮಾಡಿದವಳು ನಾನೇ. ಅಮ್ಮನದೂ ಎಡಗಡೆ ಹೀಗೆಯೇ ತಿರುಗಿದೆ. ನನ್ನದೂ ಒಂದು ತಿರುಗಿದೆ, ಆದರೆ ನನ್ನದು ಬಲಗಡೆ. ಕನ್ನಡಿಯ ಮುಂದೆ ನಿಂತು ಮತ್ತೊಮ್ಮೆ ಖಾತ್ರಿ ಮಾಡಿಕೊಂಡೆ. ಹಾಗಾದರೆ ಇದು ಅಮ್ಮನ ಕಡೆಯ ರಕ್ತ, ತುದಿ ಅಷ್ಟು ಸವೆದಿಲ್ಲ, ಅಮ್ಮನಿಗಿಂತ ಎಳೆಯ ಬಾಯಿ.

ಚಿಕ್ಕಮ್ಮನೇ. ಇಷ್ಟು ವರ್ಷ ಎಲ್ಲಿದ್ದಳೋ, ಈಗ ಬಂದಿದ್ದಾಳೆ.

ಮಾರ್ಚ್ 19, ಬುಧವಾರ

ಭಯ ಹೋಗಿದೆ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬಾ ಉಂಡೆ.

ಮಾರ್ಚ್ 21, ಶುಕ್ರವಾರ

ನಾನು ಇರುವಾಗ ಅವಳು ಬರುವುದಿಲ್ಲ. ಅವಳು ಬಂದಾಗ ನಾನು ಇರುವುದಿಲ್ಲ. ಇದರಲ್ಲಿ ಬೇಸರಪಡುವುದೇನೂ ಇಲ್ಲ, ಒಂದೇ ಕುರ್ಚಿಗೆ ಎರಡು ಪಾಳಿಯವರು ಇದ್ದಂತೆ. ನಾನು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರೆ ಸಾಕು, ಮಿಕ್ಕದ್ದು ಅವಳು ನೋಡಿಕೊಳ್ಳುತ್ತಾಳೆ.

ಮಗು ಅವಳ ಕೈಯಲ್ಲಿ ಚೆನ್ನಾಗಿದೆ. ನನ್ನ ಕೈಯಲ್ಲಿ ಅಳುತ್ತದೆ, ಅವಳು ಬಂದು ಹೋದ ಮೇಲೆ ನಗುನಗುತ್ತಾ ಇರುತ್ತದೆ. ನನಗೆ ಅಸೂಯೆ ಇಲ್ಲ. ನಿಜ ಹೇಳಬೇಕೆಂದರೆ ಒಂದು ಹೊರೆ ಇಳಿದಂತಾಗಿದೆ. ಅವಳ ಮಗುವನ್ನು ಅವಳು ಸಾಕುತ್ತಿದ್ದಾಳೆ, ನಾನು ನಡುವೆ ಯಾಕೆ? ನಾನು ಲ್ಯಾಬಿಗೆ ಹೋಗಬಹುದು. ಲ್ಯಾಬಿನಿಂದ ಮುಂದಕ್ಕೂ ಹೋಗಬಹುದು. ಬಸ್ಸು ಕೊನೆಯ ನಿಲ್ದಾಣಕ್ಕೆ ಹೋಗುತ್ತದಲ್ಲ, ಅಲ್ಲಿ ಒಂದು ದೊಡ್ಡ ಸೇತುವೆ ಇದೆ.

ಮಾರ್ಚ್ 23, ಭಾನುವಾರ

ಅಮ್ಮನ ಫೋನು. ಇವತ್ತು ನನಗೇ ಮಾತಾಡುವ ಹುಕಿ ಬಂದಿತ್ತು.

"ನಾಳೆಯಿಂದ ಕೆಲಸಕ್ಕೆ ಹೋಗ್ತೀನಮ್ಮ."

"ಇಷ್ಟು ಬೇಗನಾ? ಮಗು ಯಾರ ಹತ್ರ?"

"ನಿನ್ನ ತಂಗಿ ಇದ್ದಾಳಲ್ಲ. ಚಿಕ್ಕಮ್ಮ. ನೋಡ್ಕೋತಾಳೆ."

ಅಮ್ಮ ಬಹಳ ಮೆಲ್ಲಗೆ ಕೇಳಿದಳು, "ನಿನ್ನ ಗಂಡ ಇದ್ದಾರಾ ಮನೇಲಿ? ಫೋನು ಕೊಡು." ಇವರು ಸಾಮಾನು ತರಲು ಹೋಗಿದ್ದರು, ಇವರ ನಂಬರು ಅಮ್ಮನ ಹತ್ತಿರ ಇಲ್ಲ. ನಾನು ಫೋನು ಇಟ್ಟೆ. ಮತ್ತೆ ಆರು ಸಲ ಹೊಡೆದುಕೊಂಡಿತು, ತೆಗೆಯಲಿಲ್ಲ. ತಂಗಿಯ ಮೇಲೆ ಅಮ್ಮನಿಗೆ ಹಳೆಯ ಹೊಟ್ಟೆಕಿಚ್ಚು ಇರಬೇಕು. ಇವರಿಗೆ, ಪಕ್ಕದ ಬೀದಿಯ ಹೆಂಗಸೊಬ್ಬರು ಮಗುವನ್ನು ನೋಡಿಕೊಳ್ಳಲು ಒಪ್ಪಿದ್ದಾರೆ ಎಂದಷ್ಟೇ ಹೇಳಿದೆ.

ಮಾರ್ಚ್ 24, ಸೋಮವಾರ

ಎಂಟೂವರೆ. ಇವರು ಹೋದರು. ಹಾಲಿನ ಬಾಟಲಿ ತುಂಬಿ ಅವಳಿಗೆ ಕಾಣುವಂತೆ ಇಟ್ಟಿದ್ದೇನೆ. ಮಗು ಮಲಗಿದೆ. ಪ್ಲಾಸ್ಟರಿನ ಅಚ್ಚನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ, ಯಜಮಾನರಿಗೆ ತೋರಿಸಬೇಕು. ಬೀಗ ಹಾಕಿ ಹೊರಡುತ್ತೇನೆ.

ಮಾರ್ಚ್ 31, ಸೋಮವಾರ

ಆಸ್ಪತ್ರೆ. ಬರೆಯಬಹುದು ಎಂದು ಡಾಕ್ಟರಮ್ಮ ಇವತ್ತು ಡೈರಿ ಕೊಟ್ಟರು. ಕೈ ಭಾರವಾಗಿದೆ, ಅಕ್ಷರ ಸೊಟ್ಟ ಬೀಳುತ್ತದೆ. ಆದರೂ ಆ ದಿನದ್ದನ್ನು ಬರೆಯಬೇಕು.

ಲ್ಯಾಬಿನಲ್ಲಿ ಎಲ್ಲರೂ ನನ್ನನ್ನು ನೋಡಿ ಬೆರಗಾದರು. ಯಜಮಾನರು ಹಣೆಗೆ ಕಟ್ಟಿದ ಭೂತಗನ್ನಡಿಯನ್ನು ಮೇಲಕ್ಕೆ ತಳ್ಳಿ, "ಏನಮ್ಮ, ಇಷ್ಟು ಬೇಗ ಬಂದ್ಬಿಟ್ಟೆ, ಮನೇಲಿ ಓಡಿಸಿದ್ರಾ?" ಎಂದು ನಕ್ಕರು. ನಾನು ಕರವಸ್ತ್ರ ಬಿಚ್ಚಿ ಅಚ್ಚನ್ನು ಅವರ ಮುಂದಿಟ್ಟೆ. "ನಮ್ಮ ಚಿಕ್ಕಮ್ಮನ ಹಲ್ಲು. ನೋಡಿ, ಅಮ್ಮನದರ ಥರವೇ ಎಡಗಡೆ ತಿರುಗಿದೆ."

ಅವರು ಭೂತಗನ್ನಡಿ ಕೆಳಗಿಳಿಸಿ ಅಚ್ಚನ್ನು ನೋಡಿದರು. ನನ್ನ ಬಾಯಿಯನ್ನು ನೋಡಿದರು. ಮತ್ತೆ ಅಚ್ಚನ್ನು ನೋಡಿದರು.

"ಇದು ನಿನ್ನದೇ ಅಲ್ವೇನಮ್ಮ?"

"ನನ್ನದು ಬಲಗಡೆ."

"ಎಡಗಡೆ. ಒಂಬತ್ತು ವರ್ಷದಿಂದ ಎದುರು ಕೂತು ನಿನ್ನ ನಗು ನೋಡ್ತಿದ್ದೀನಿ, ನನಗೆ ಗೊತ್ತಾಗಲ್ವಾ? ನೀನು ಕನ್ನಡಿಯನ್ನ ಅಚ್ಚು ಓದಿದ ಹಾಗೆ ಓದಿದ್ದೀಯ. ಅಚ್ಚು ನಮ್ಮ ಕಡೆಗೆ ಮುಖ ಮಾಡಿ ನಿಲ್ಲುತ್ತೆ, ಅದರ ಎಡ ನಮ್ಮ ಬಲಕ್ಕೆ ಬರುತ್ತೆ. ಕನ್ನಡೀಲಿ ಹಾಗಲ್ಲ, ನಮ್ಮ ಎಡ ನಮ್ಮ ಎಡಕ್ಕೇ ಇರುತ್ತೆ. ಈ ಕೆಲಸ ಮಾಡೋರಿಗೇ ಆಗೋ ತಪ್ಪು ಇದು." ನಗುತ್ತಲೇ ಹೇಳುತ್ತಿದ್ದವರು ಥಟ್ಟನೆ ನಿಲ್ಲಿಸಿದರು. "ಮಗು ಯಾರ ಹತ್ರ ಇದೆ?"

ನಾನು ಉತ್ತರ ಕೊಟ್ಟೆ. ಕೊಡುವಾಗಲೇ ನನ್ನ ಮಾತು ನನ್ನ ಕಿವಿಗೆ ಬಿತ್ತು.

ದಾರಿ ನೆನಪಿಲ್ಲ. ಯಜಮಾನರು ಆಟೋದಲ್ಲಿ ನನ್ನ ಮೊಣಕೈ ಬಿಗಿಯಾಗಿ ಹಿಡಿದುಕೊಂಡಿದ್ದರು. ಮೆಟ್ಟಿಲ ಮೇಲೆ ಮುರಿದ ಬೀಗ ಬಿದ್ದಿತ್ತು. ಒಳಗೆ ಟೈಲರಮ್ಮ ಕತ್ತರಿ ಹಿಡಿದುಕೊಂಡೇ ನಿಂತಿದ್ದರು. ನೆಲದ ಮೇಲೆ ಚಪ್ಪಲಿಯನ್ನೂ ಬಿಚ್ಚದೆ ಅಮ್ಮ ಕೂತಿದ್ದಳು, ಮೊದಲ ಬಸ್ಸಿಗೆ ಹತ್ತಿ ಬಂದವಳು. ಅವಳ ತೋಳಲ್ಲಿ ಕಾಳು ಬಿಕ್ಕುತ್ತಿದ್ದಳು. ಮುಖ ಕೆಂಪಗಾಗಿತ್ತು, ಎರಡು ಗಂಟೆ ಅತ್ತಿದ್ದಾಳಂತೆ. ಬಾಟಲಿ ಇಟ್ಟಲ್ಲೇ ತುಂಬಿಕೊಂಡು ನಿಂತಿತ್ತು. ಅದನ್ನು ನೋಡಿದ ಮೇಲೆ ಬಾಗಿಲಲ್ಲೇ ಕೂತುಬಿಟ್ಟೆ.

ಅಮ್ಮ ಬೈಯಲಿಲ್ಲ. "ನಿನ್ನನ್ನ ಯಾರೂ ಬೈಯಲ್ಲ. ಆಸ್ಪತ್ರೆಗೆ ಹೋಗೋಣ, ಬಾ" ಎಂದಳು.

ಏಪ್ರಿಲ್ 6, ಭಾನುವಾರ

ಡಾಕ್ಟರಮ್ಮ ನೇರ ಮಾತಿನವರು. ಇದು ಬಾಣಂತಿಯರಿಗೆ ಬರುವ ಕಾಯಿಲೆ, ಗುಣವಾಗುತ್ತದೆ ಎಂದರು. ಇದು ಅಮ್ಮನಿಂದ ಬಂತೇ ಎಂದು ಕೇಳಿದೆ. "ಸ್ವಲ್ಪ ರಕ್ತದಿಂದ ಬರುತ್ತೆ. ಸ್ವಲ್ಪ ಚಿಕ್ಕವರಿದ್ದಾಗ ಬೀಗ ಹಾಕಿದ ಮನೇಲಿ ಕೂತಿದ್ದರಿಂದ ಬರುತ್ತೆ. ಎಷ್ಟೆಷ್ಟು ಅಂತ ಅಳೆದು ಹೇಳೋಕೆ ನನಗೂ ಆಗಲ್ಲ. ಬಂದೇ ಬರುತ್ತೆ ಅಂತಾನೂ ಇರಲಿಲ್ಲ. ನರ್ಸ್ ಕೇಳಿದಾಗ ಹೌದು ಅಂದಿದ್ರೆ ಮೊದಲೇ ಹಿಡೀಬಹುದಿತ್ತು." ಹಲ್ಲಿನ ಆಕಾರ ಮನೆತನದ್ದು, ಸವೆತ ನಾವು ಅಗಿದದ್ದರದು, ಎರಡೂ ಒಂದೇ ಹಲ್ಲಿನಲ್ಲಿರುತ್ತವೆ. ನನಗೆ ಹಾಗೆ ಅರ್ಥವಾಯಿತು.

ಮಧ್ಯಾಹ್ನ ಅಮ್ಮ ಬಂದಳು. ಹೊರಗಿನ ಬೆಂಚಿನ ಮೇಲೆ ಕೂತೆವು. ಇವರು ಕಾಳುವನ್ನು ಎತ್ತಿಕೊಂಡು ಆಸ್ಪತ್ರೆಯ ಲಿಫ್ಟಿನ ಸದ್ದಿಗೆ ಮುಖ ಸಿಂಡರಿಸುತ್ತಾ ಅತ್ತಿತ್ತ ಓಡಾಡುತ್ತಿದ್ದರು.

"ಅಮ್ಮ, ನಿನಗೆ ತಂಗಿ ಇದ್ದಾಳಾ?"

"ಇಲ್ಲ. ಯಾವತ್ತೂ ಇರ್ಲಿಲ್ಲ."

"ಮತ್ತೆ ನನಗೆ ಜಡೆ ಹಾಕ್ತಿದ್ದವಳು?"

ಅಮ್ಮ ತನ್ನ ಅಂಗೈಗಳನ್ನು ನೋಡಿಕೊಂಡಳು. "ನಾನೇ ಕಣೆ. ಆಗ ನನ್ನ ಮೇಲೆ ನನಗೇ ಹೆದರಿಕೆ. ನಾನು ಮುಟ್ಟಿದ್ರೆ ನಿನಗೇನಾದ್ರೂ ಆಗುತ್ತೆ ಅಂತ ಗೋಡೆ ನೋಡ್ಕೊಂಡು ನಿಲ್ತಿದ್ದೆ. ನಾನಲ್ಲ, ನನ್ನ ತಂಗಿ ಅಂತ ಅಂದ್ಕೊಂಡ್ರೆ ಮಾತ್ರ ನಿನ್ನ ಹತ್ರ ಬರೋಕಾಗ್ತಿತ್ತು. ಹಾಗೆ ಅಂದ್ಕೋತಾ ಅಂದ್ಕೋತಾ ಅವಳು ನಿಜವಾಗ್ಬಿಟ್ಲು. ಅವಳಿದ್ದಾಳೆ ಅಂತ ನಂಬಿ ನಿನ್ನ ಒಂಟಿ ಬಿಟ್ಟು ಹೋಗ್ತಿದ್ದೆ. ಆಮೇಲೆ ಎರಡು ತಿಂಗಳು ನಾನು ಊರಿಗೆ ಹೋಗಿದ್ದೆ ಅಂತ ನಿನಗೆ ಹೇಳಿದ್ರಲ್ಲ, ಅದು ಊರಲ್ಲ, ಆಸ್ಪತ್ರೆ. ಯಾರಿಗೂ ಹೇಳ್ಬೇಡ ಅಂತ ನಿಮ್ಮಪ್ಪ ಆಣೆ ಹಾಕಿಸ್ಕೊಂಡ್ರು."

"ನನಗಾದ್ರೂ ಹೇಳ್ಬಹುದಿತ್ತು."

"ಒಂದು ಸಲ ಹೇಳ್ದೆ. ಗುಣವಾಗಿ ವಾಪಸ್ ಬಂದಾಗ ನೀನು ಚಿಕ್ಕಮ್ಮ ಬೇಕು ಅಂತ ಹಟ ಹಿಡಿದು ಅತ್ತೆ. ಅವಳು ನಾನೇ ಪುಟ್ಟಿ ಅಂದೆ. ಸುಳ್ಳು ಅಂದ್ಬಿಟ್ಟು ನನ್ನ ಕೈ ತಳ್ಳಿದೆ. ನಾನು ಮತ್ತೆ ಹೇಳಲಿಲ್ಲ."

ನಾನು ಜೀವಮಾನವಿಡೀ ಒಬ್ಬಳನ್ನು ಹಂಬಲಿಸುತ್ತಾ ಅವಳನ್ನೇ ದೂರ ಇಟ್ಟಿದ್ದೆ. ಇದಕ್ಕೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ, ತುಂಬಾ ಹೊತ್ತು ಅತ್ತೆ.

ಏಪ್ರಿಲ್ 19, ಶನಿವಾರ

ಮನೆಗೆ ಬಂದು ಆರು ದಿನ. ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು. ಅಮ್ಮ ಇಲ್ಲೇ ಇದ್ದಾಳೆ.

ಇವತ್ತು ಮೊದಲ ಸಲ ಕಾಳುವಿಗೆ ಸ್ನಾನ ಮಾಡಿಸಿದೆ. ಮೊದಲ ಸಲವಲ್ಲ, ಗೊತ್ತು. ನನಗೆ ಗೊತ್ತಿದ್ದು ಮಾಡಿಸಿದ್ದು ಮೊದಲ ಸಲ. ಹನ್ನೊಂದಕ್ಕೆ ಶುರು ಮಾಡಿದೆ, ಮುಗಿದಾಗ ಹನ್ನೊಂದು ಇಪ್ಪತ್ತು. ನಡುವೆ ಒಂದು ನಿಮಿಷವೂ ಕಳೆದುಹೋಗಲಿಲ್ಲ. ಹೆದರಿಕೆ ಇದ್ದದ್ದು ಬೇರೆ. ಅವಳು ನನ್ನ ಹೆಗಲ ಹಿಂದೆ ನೋಡಿದರೆ? ಆ ಇನ್ನೊಬ್ಬಳಿಗಾಗಿ ಅತ್ತರೆ? ಹೊಸಬರು ಎತ್ತಿಕೊಂಡರೆ ಅವಳು ಮೊದಲು ತುಟಿ ಸೊಟ್ಟ ಮಾಡುತ್ತಾಳೆ, ಆಮೇಲೆ ಊರೆಲ್ಲ ಕೇಳುವಂತೆ ಕಿರುಚುತ್ತಾಳೆ. ನನ್ನ ಕೈಯಲ್ಲಿ ನೀರಿನಲ್ಲಿ ಕಾಲು ಬಡಿಯುತ್ತಾ ನನ್ನ ಮುಖವನ್ನೇ ನೋಡಿದಳು. ತುಟಿ ಸೊಟ್ಟ ಮಾಡಲಿಲ್ಲ. ಅವಳಿಗೆ ನಾನು ಹೊಸಬಳಲ್ಲ. ಅವಳ ಪಾಲಿಗೆ ಈ ಮನೆಯಲ್ಲಿ ಎಂದೂ ಇಬ್ಬರು ಇರಲೇ ಇಲ್ಲ.

ಪ್ರೀತಿಯೋ ಏನೋ ಗೊತ್ತಿಲ್ಲ. ಅವಳ ಕಿವಿಯ ಹಿಂದೆ ನೊರೆ ಉಳಿದಿತ್ತು, ಅದನ್ನು ಒರೆಸದೆ ಬಿಡಲು ಮನಸ್ಸಾಗಲಿಲ್ಲ.

ಅಮ್ಮ ಟವೆಲ್ ಹಿಡಿದು ಬಾಗಿಲ ಹೊರಗೇ ನಿಂತಿದ್ದಳು. "ದೊಡ್ಡವಳಾದ ಮೇಲೆ ಇವಳಿಗೆ ಇದನ್ನೆಲ್ಲ ಹೇಳ್ತೀಯಾ?" ಎಂದು ಕೇಳಿದಳು.

"ಹೇಳ್ತೀನಿ."

"ನಂಬದೆ ಇದ್ರೆ?"

"ಮತ್ತೆ ಹೇಳ್ತೀನಿ."

ಅಮ್ಮ ಅಲ್ಲೇ ಹೊಸಿಲ ಮೇಲೆ ಕೂತು ಟವೆಲಿಗೆ ಮುಖ ಒತ್ತಿಕೊಂಡು ಅಳತೊಡಗಿದಳು. ಕಾಳುವಿಗೆ ಚಳಿಯಾಗುತ್ತದೆಂದು ನಾನು ಅವಳನ್ನು ನನ್ನ ಸೆರಗಿನಲ್ಲೇ ಸುತ್ತಿಕೊಂಡೆ. ಆಮೇಲೆ ಅಮ್ಮನ ಪಕ್ಕ ಕೂತೆ.